ಹಳೇ ಪಿಕಪ್ಪಿಗೆ ಎಸಿ: ಡ್ರೈವರ್ ಸೀಟಿಗೆ ತಂಪು ಯಾಕೆ ಕೊನೆಗೆ ಬಂತು?

ಪೋಸ್ಟ್ 1

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಹತ್ರ ನಿಂತಿರೋ ಪಿಕಪ್‌ಗಳ ಒಳಗೆ ಒಂದ್ಸಲ ಇಣುಕಿ ನೋಡಿ. ಹೊರಗಡೆಯಿಂದ ಎಲ್ಲಾ ಒಂದೇ ಥರ ಕಾಣುತ್ತೆ. ಬಿಳಿ ಬಣ್ಣ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ಮಕ್ಕಳ ಹೆಸರು. ಒಳಗೆ ಮಾತ್ರ ಅಪರೂಪಕ್ಕೆ ಒಂದರಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ ನೇತಾಡ್ತಿರುತ್ತೆ. ಅದಕ್ಕೆ ಮೂರೋ ನಾಲ್ಕೋ ಗಾಳಿ ಬಾಯಿ, ಎರಡು ತಿರುಪು. ಗಾಡಿಯ ಮಿಕ್ಕ ಭಾಗಕ್ಕೂ ಅದಕ್ಕೂ ಬಣ್ಣವೂ ಹೊಂದಲ್ಲ, ಆಕಾರವೂ ಹೊಂದಲ್ಲ. ಕಂಪನಿ ಕೊಟ್ಟಿದ್ದಲ್ಲ, ಆಮೇಲೆ ಹಾಕಿಸಿದ್ದು. ಹೊರಗಿಂದ ತಂದು ಕೂರಿಸಿದ ಎಸಿ.

ಈ ಸರಣಿ ಆ ಪೆಟ್ಟಿಗೆ ಬಗ್ಗೆ. "ಇದರಲ್ಲಿ ಇತಿಹಾಸ ಏನಿದೆ ಗುರು?" ಅಂತ ಕಾಮೆಂಟ್ ಹಾಕೋಕೆ ಮುಂಚೆ ಪೂರ್ತಿ ಓದಿ. ತಂಪು ಗಾಳಿ ಯಾರಿಗೆ ಮೊದಲು ಸಿಕ್ತು, ಯಾರಿಗೆ ಆಮೇಲೆ ಸಿಕ್ತು ಅನ್ನೋದು ದೊಡ್ಡ ಇತಿಹಾಸ. ಅದರ ಬಹುಪಾಲನ್ನ ನಮ್ಮ ಒಂದೇ ರಸ್ತೆ ಮೇಲೆ ನಿಂತು ಹೇಳಬಹುದು.

ಆ ರಸ್ತೆ ಯಾವುದು ಅಂತ ನಿಮಗೆ ಗೊತ್ತು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿರೋ ಹೆದ್ದಾರಿ. ಹಳಬರು ಇನ್ನೂ 234 ಅಂತಾರೆ, ಈಗಿನ ನಂಬರ್ 69. ಗೂಡು, ಟೊಮೆಟೊ, ಸೇವಂತಿಗೆ, ದ್ರಾಕ್ಷಿ, ಮೆಕ್ಕೆಜೋಳ ಎಲ್ಲಾ ಓಡೋದು ಇದರ ಮೇಲೆ, ಇದಕ್ಕೆ ಸೇರೋ ಹಳ್ಳಿ ರಸ್ತೆಗಳ ಮೇಲೆ. ಓಡಿಸೋರು ನಮ್ಮ ಮನೆಯೋರು.

ಪೋಸ್ಟ್ 2

ಮೊದಲು ಬೆಟ್ಟಕ್ಕೆ ಹೋಗೋಣ.

ಯಂತ್ರ ಇಲ್ಲದ ಕಾಲದಲ್ಲಿ ತಂಪು ಬೇಕು ಅಂದ್ರೆ ಒಂದೇ ದಾರಿ, ಮೇಲಕ್ಕೆ ಹತ್ತೋದು. ಒಂದು ಕಿಲೋಮೀಟರ್ ಎತ್ತರಕ್ಕೆ ಹೋದ್ರೆ ಸರಾಸರಿ ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತೆ. ಚಿಕ್ಕಬಳ್ಳಾಪುರ ಊರು ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್, ನಂದಿ ಬೆಟ್ಟದ ತುದಿ 1,478 ಮೀಟರ್. ಲೆಕ್ಕ ಹಾಕಿ: ಮೂರೂವರೆ ಡಿಗ್ರಿ ವ್ಯತ್ಯಾಸ, ಜೊತೆಗೆ ಗಾಳಿ. ಏಪ್ರಿಲ್ ತಿಂಗಳಲ್ಲಿ ಅಷ್ಟಕ್ಕೇ ಜನ ಬೆಟ್ಟ ಹತ್ತೋರು. ಎಲ್ಲರೂ ಅಲ್ಲ, ಹತ್ತೋ ಪುರಸೊತ್ತು ಇದ್ದೋರು.

ಟಿಪ್ಪುವಿನ ಬೇಸಿಗೆ ಮನೆ ಅಲ್ಲಿದೆ. ಆಮೇಲೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯೋಕೆ ಅಲ್ಲೇ ಬಂಗಲೆ ಮಾಡಿಕೊಂಡ. ಬೆಂಗಳೂರಲ್ಲಿ ಪಾರ್ಕ್ ಇರೋದೂ ಅವನ ಹೆಸರಲ್ಲೇ. ಗಾಂಧೀಜಿ 1927ರಲ್ಲಿ ಆರೋಗ್ಯ ಕೆಟ್ಟು ವಾರಗಟ್ಟಲೆ ನಂದಿಯಲ್ಲಿ ಸುಧಾರಿಸಿಕೊಂಡ್ರು, 1936ರಲ್ಲಿ ಮತ್ತೆ ಬಂದ್ರು.

ಬೆಟ್ಟದ ಬುಡದ ರಸ್ತೆಯಲ್ಲಿ ಎತ್ತಿನ ಗಾಡಿ ಹೊಡೆಯೋನು ಯಾವ ತಿಂಗಳಲ್ಲೂ ಮೇಲೆ ಹೋಗಲಿಲ್ಲ. ಅವನು ಮಾಡಿದ್ದು ಬೇರೆ ಉಪಾಯ: ಹಗಲು ಬಿಟ್ಟು ರಾತ್ರಿ ಹೊರಟ. ಈ ಉಪಾಯವನ್ನ ನೆನಪಿಟ್ಟುಕೊಳ್ಳಿ. ನಮ್ಮ ಪಿಕಪ್ ಡ್ರೈವರ್‌ಗಳು ಇವತ್ತಿಗೂ ಅದನ್ನೇ ಮಾಡ್ತಿದ್ದಾರೆ.

ಪೋಸ್ಟ್ 3

ಈಗ ಹುಳದ ಮನೆ.

ಹುಳ ಸಾಕೋ ಮನೆಯಲ್ಲಿ ಬೆಳೆದೋರಿಗೆ ಇದು ಪಾಠ ಅಲ್ಲ, ಮಿಕ್ಕವರಿಗೆ ಹೇಳ್ತೀನಿ. ರೇಷ್ಮೆ ಹುಳಕ್ಕೆ ಚಾಕಿ ಹಂತದಲ್ಲಿ 27-28 ಡಿಗ್ರಿ ಬೇಕು, ಗಾಳಿಯಲ್ಲಿ ತೇವ 85 ಶೇಕಡಾ ಮೇಲೆ ಇರಬೇಕು. ನಾಲ್ಕನೇ ಜ್ವರ ಎದ್ದ ಮೇಲೆ 24-25 ಡಿಗ್ರಿ ಸಾಕು, ತೇವ 70ರ ಹತ್ತಿರ. (ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ "ಜ್ವರ" ಅಂತಾರೆ. ಹುಳಕ್ಕೆ ಕಾಯಿಲೆ ಬಂದಿದೆ ಅಂತ ಅರ್ಥ ಅಲ್ಲ.) ಬಿಸಿಲು ಏರಿದ್ರೆ ಹುಳ ಮೇವು ಬಿಡುತ್ತೆ, ರೋಗ ಬರುತ್ತೆ, ಗೂಡು ತೆಳ್ಳಗಾಗುತ್ತೆ. ಅದಕ್ಕೇ ಮಾರ್ಚ್ ಬಂತು ಅಂದ್ರೆ ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸ್ತಾರೆ, ಚಾವಣಿ ಮೇಲೆ ತೆಂಗಿನ ಗರಿ ಹೊದಿಸ್ತಾರೆ, ದುಡ್ಡಿದ್ದೋರು ಫಾಗರ್ ಹಾಕಿಸ್ತಾರೆ.

ಒದ್ದೆ ಗೋಣಿಚೀಲ ಕೆಲಸ ಮಾಡೋದು ಹೇಗೆ? ಒಂದು ಲೀಟರ್ ನೀರನ್ನ ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸೋಕೆ ಎಷ್ಟು ಶಾಖ ಬೇಕೋ, ಅದೇ ನೀರನ್ನ ಆವಿ ಮಾಡೋಕೆ ಅದರ ಐದು ಪಟ್ಟಿಗಿಂತ ಜಾಸ್ತಿ ಬೇಕು. ಗೋಣಿಯಲ್ಲಿರೋ ನೀರು ಆವಿಯಾಗ್ತಾ ಅಷ್ಟೂ ಶಾಖವನ್ನ ಗಾಳಿಯಿಂದ ಕಿತ್ತುಕೊಳ್ಳುತ್ತೆ. ಗಾಳಿ ಒಣಗಿದ್ದಷ್ಟೂ ಚೆನ್ನಾಗಿ ನಡೆಯುತ್ತೆ. ನಮ್ಮದು ಒಣ ಸೀಮೆ, ಆದ್ದರಿಂದ ನಡೆಯುತ್ತೆ. ಮಂಗಳೂರಲ್ಲಿ ಈ ಆಟ ನಡೆಯಲ್ಲ.

ಅಮೆರಿಕದ ಒಣ ರಾಜ್ಯಗಳಲ್ಲೂ ಇದನ್ನೇ ಕಾರಿಗೆ ಕಟ್ಟಿದ್ರು. ಕಳೆದ ಶತಮಾನದ ನಡುವಿನ ಹಳೇ ಫೋಟೋಗಳಲ್ಲಿ ಕಾರಿನ ಕಿಟಕಿಗೆ ಉದ್ದನೆ ಕೊಳವೆಯಂಥ ಡಬ್ಬ ಸಿಕ್ಕಿಸಿರೋದು ಕಾಣುತ್ತೆ. ಒಳಗೆ ನೀರು, ಒದ್ದೆ ಪದರ. ಗಾಡಿ ಓಡಿದ್ರೆ ಗಾಳಿ ಅದರ ಮೂಲಕ ನುಗ್ಗಿ ತಂಪಾಗಿ ಒಳಗೆ ಬರುತ್ತೆ. ಗಾಡಿ ನಿಂತ್ರೆ ಅದೂ ನಿಲ್ಲುತ್ತೆ.

ಕತ್ತಿಗೆ ಒದ್ದೆ ಟವಲ್ ಹಾಕಿಕೊಂಡು ಸ್ಟೇರಿಂಗ್ ಹಿಡಿಯೋ ನಮ್ಮೂರ ಡ್ರೈವರ್ ಬಳಸೋದೂ ಇದೇ ವಿಜ್ಞಾನ. ಅವನು ಹೊತ್ತಿರೋ ಗೂಡು ಹುಟ್ಟಿದ ಮನೆಗೆ ಮಾತ್ರ ಅವನ ಕ್ಯಾಬಿನ್‌ಗಿಂತ ಒಳ್ಳೇ ವ್ಯವಸ್ಥೆ ಇತ್ತು.

ಪೋಸ್ಟ್ 4

"ಎಸಿ ಕಂಡುಹಿಡಿದಿದ್ದು ಮನುಷ್ಯರಿಗೋಸ್ಕರ" ಅಂತ ನೀವು ಅಂದುಕೊಂಡಿದ್ರೆ, ಇಲ್ಲ. ಕಾಗದಕ್ಕೋಸ್ಕರ.

1902, ನ್ಯೂಯಾರ್ಕಿನ ಬ್ರೂಕ್ಲಿನ್. ಅಲ್ಲಿನ ಒಂದು ಬಣ್ಣದ ಮುದ್ರಣಾಲಯದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗೋದು, ಒಂದರ ಮೇಲೊಂದು ಒತ್ತೋ ಬಣ್ಣಗಳು ಪಕ್ಕಕ್ಕೆ ಸರಿದು ಚಿತ್ರ ಮಬ್ಬಾಗೋದು. ವಿಲ್ಲಿಸ್ ಕ್ಯಾರಿಯರ್ ಅನ್ನೋ 25 ವರ್ಷದ ಎಂಜಿನಿಯರ್ ತಣ್ಣನೆ ಕೊಳವೆಗಳ ಮೇಲೆ ಗಾಳಿ ಹಾಯಿಸಿ ತೇವ ಇಳಿಸೋ ಯಂತ್ರ ಮಾಡಿದ. ಗಾಳಿ ತಂಪಾಗಿದ್ದು ಜೊತೆಗೆ ಸಿಕ್ಕ ಲಾಭ. ಆಧುನಿಕ ಎಸಿ ಶುರುವಾಗಿದ್ದು ಅಲ್ಲಿಂದ.

ಆಗ ತಂಪು ಮಾಡೋಕೆ ಬಳಸ್ತಿದ್ದ ಅನಿಲಗಳೆಲ್ಲ ಅಪಾಯದವು. ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಸೋರಿದ್ರೆ ಮನೆಯೋರ ಕತೆ ಮುಗೀತು. ಅಂಥದ್ದನ್ನ ಕಾರಿನೊಳಗೆ ಇಡೋಕೆ ಆಗುತ್ತಾ? ಥಾಮಸ್ ಮಿಡ್‌ಗ್ಲಿ ಅನ್ನೋ ವಿಜ್ಞಾನಿಯ ತಂಡ ವಿಷವೂ ಅಲ್ಲದ, ಬೆಂಕಿಯೂ ಹತ್ತದ ಅನಿಲ ಹುಡುಕಿತು. 1930ರಲ್ಲಿ ಅವನು ಸಭೆಯ ಮುಂದೆ ಆ ಅನಿಲವನ್ನ ಬಾಯಿ ತುಂಬ ಎಳೆದುಕೊಂಡು, ಉರಿಯೋ ಮೇಣದ ಬತ್ತಿ ಮೇಲೆ ಬಿಟ್ಟು ಆರಿಸಿ ತೋರಿಸಿದ. ಮಾರ್ಕೆಟ್ಟಿನಲ್ಲಿ ಅದರ ಹೆಸರು ಫ್ರಿಯಾನ್, ನಮ್ಮ ಮೆಕ್ಯಾನಿಕ್ ಬಾಯಲ್ಲಿ "ಟ್ವೆಲ್ವ್ ಗ್ಯಾಸ್". ಪೆಟ್ರೋಲಿಗೆ ಸೀಸ ಬೆರೆಸೋ ಐಡಿಯಾನೂ ಇದೇ ಮಿಡ್‌ಗ್ಲಿದು. ಒಬ್ಬನೇ ಮನುಷ್ಯ ಭೂಮಿಯ ಗಾಳಿಗೆ ಎರಡು ಸಲ ಏಟು ಕೊಟ್ಟ, ಎರಡೂ ಸಲ ಚಪ್ಪಾಳೆ ಗಿಟ್ಟಿಸಿಕೊಂಡ. ಫ್ರಿಯಾನ್ ಕತೆ ಮುಂದೆ ಬರುತ್ತೆ.

ಚಿಕ್ಕ ವಿಷಯ, ಪರೀಕ್ಷೆಗೆ ಬರಲ್ಲ: ಎಸಿಯನ್ನ "ಒಂದು ಟನ್", "ಒಂದೂವರೆ ಟನ್" ಅಂತೀವಲ್ಲ, ಅದು ಯಂತ್ರದ ತೂಕ ಅಲ್ಲ. ಒಂದು ಟನ್ ಐಸ್ ಇಡೀ ದಿನ ಕರಗುತ್ತಾ ಎಷ್ಟು ಶಾಖ ಹೀರುತ್ತೋ ಅಷ್ಟು ಶಾಖ ಹೀರೋ ಶಕ್ತಿ. ಐಸ್ ವ್ಯಾಪಾರದ ಕಾಲದ ಅಳತೆ ಇನ್ನೂ ಉಳಿದುಕೊಂಡಿದೆ. 1833ರಲ್ಲಿ ಅಮೆರಿಕದ ಕೆರೆಗಳ ಐಸನ್ನ ಹಡಗಲ್ಲಿ ಕಲ್ಕತ್ತಾಗೆ ತಂದು ಮಾರಿದ್ರು. ಕುಡಿದೋರು ಯಾರು ಅಂತ ಕೇಳೋ ಹಾಗಿಲ್ಲ, ಬೆಟ್ಟ ಹತ್ತುತ್ತಿದ್ದ ಜನವೇ.

ಪೋಸ್ಟ್ 5

ಲಾರಿಗೆ ತಂಪು ಬಂದಿದ್ದು 1930ರ ದಶಕದ ಕೊನೆಗೆ. ಬಂದಿದ್ದು ಹಿಂದಿನ ಪೆಟ್ಟಿಗೆಗೆ, ಮುಂದಿನ ಸೀಟಿಗಲ್ಲ.

ತಂದಿದ್ದು ಫ್ರೆಡ್ರಿಕ್ ಮೆಕಿನ್ಲಿ ಜೋನ್ಸ್. 1893ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದ ಕಪ್ಪು ಜನಾಂಗದ ಹುಡುಗ. ಅಪ್ಪ ಅಮ್ಮ ಇಲ್ಲದೆ ಬೆಳೆದು, ಗ್ಯಾರೇಜಲ್ಲಿ ಕೆಲಸ ಮಾಡುತ್ತಾ, ಪುಸ್ತಕ ಓದಿ ತಾನೇ ಎಂಜಿನಿಯರಿಂಗ್ ಕಲಿತವನು. ಐಸ್ ಹಾಕಿದ ಲಾರಿಯಲ್ಲಿ ಕೋಳಿಮಾಂಸ ಹೋಗೋವಾಗ ದಾರಿಯಲ್ಲಿ ಗಾಡಿ ಕೆಟ್ಟು, ಐಸ್ ಕರಗಿ, ಲೋಡ್ ಪೂರ್ತಿ ಹಾಳಾಯ್ತಂತೆ. ಆ ಮಾತು ಕಿವಿಗೆ ಬಿದ್ದ ಮೇಲೆ ಜೋನ್ಸ್ ಅಲುಗಾಟ ತಡೆಯೋ ತಂಪು ಯಂತ್ರ ಮಾಡಿ ಲಾರಿಗೆ ಜೋಡಿಸಿದ. ಆಗ ಹುಟ್ಟಿದ ಕಂಪನಿಯೇ ಇವತ್ತಿನ ಥರ್ಮೋ ಕಿಂಗ್. ಹೆದ್ದಾರಿಯಲ್ಲಿ ಐಸ್‌ಕ್ರೀಮ್ ಗಾಡಿ ನೆತ್ತಿ ಮೇಲೆ ಗರ್ ಅಂತಿರೋ ಪೆಟ್ಟಿಗೆ ನೋಡಿದ್ರೆ ಇವನು ನೆನಪಾಗಲಿ. ಅಮೆರಿಕ ಸರ್ಕಾರ ಅವನಿಗೆ ತಂತ್ರಜ್ಞಾನದ ರಾಷ್ಟ್ರೀಯ ಪದಕ ಕೊಟ್ಟಿದ್ದು 1991ರಲ್ಲಿ, ಸತ್ತು 30 ವರ್ಷ ಆದ ಮೇಲೆ.

ಕಾರಿಗೆ ಕಂಪನಿಯಿಂದಲೇ ಎಸಿ ಬಂದಿದ್ದೂ ಸುಮಾರು ಅದೇ ಕಾಲಕ್ಕೆ. 1939ರ ಕೊನೆಗೆ ಪ್ಯಾಕಾರ್ಡ್ ಅನ್ನೋ ಶ್ರೀಮಂತರ ಕಾರು. ಬೆಲೆ ಮೇಲೆ ಇನ್ನೂ 274 ಡಾಲರ್. ತಂಪು ಕಾಯಿಲ್ ಹಿಂದಿನ ಸೀಟಿನ ಹಿಂದೆ. ಆಫ್ ಮಾಡೋಕೆ ಸ್ವಿಚ್ಚೇ ಇಲ್ಲ! ಕಂಪ್ರೆಸರ್ ಎಂಜಿನ್ ಜೊತೆ ತಿರುಗುತ್ತಲೇ ಇರೋದು. ಬೇಡ ಅಂದ್ರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು, ಬೆಲ್ಟ್ ಬಿಚ್ಚಬೇಕು. ಎರಡು ಮೂರು ವರ್ಷದಲ್ಲಿ ಕೈಬಿಟ್ರು. 1954ರಲ್ಲಿ ನ್ಯಾಶ್ ಕಂಪನಿ ಎಲ್ಲವನ್ನೂ ಗಾಡಿಯ ಮುಂಭಾಗಕ್ಕೇ ತಂದು, ಕಡಿಮೆ ಬೆಲೆಗೆ ಕೊಡ್ತು. ಈಗಿನ ಕಾರುಗಳ ಎಸಿ ಅದರ ವಂಶ.

ಹಳೇ ಕಾರು, ಪಿಕಪ್ ಇದ್ದ ಟೆಕ್ಸಾಸ್ ಕಡೆಯ ಜನ ಏನು ಮಾಡಿದ್ರು? ಡ್ಯಾಶ್ ಕೆಳಗೆ ನೇತುಹಾಕೋ ಪೆಟ್ಟಿಗೆ ಹಾಕಿಸಿಕೊಂಡ್ರು. ಮಂಡಿಗೆ ಬಡಿಯುತ್ತೆ ಅಂತ ಅಲ್ಲಿನೋರು ಅದಕ್ಕೆ ತಮಾಷೆ ಹೆಸರೂ ಇಟ್ಟಿದ್ರು. ಶಿಡ್ಲಘಟ್ಟದಲ್ಲಿ ನೀವು ನೋಡೋ ಕಪ್ಪು ಪೆಟ್ಟಿಗೆ ಅದರ ದೂರದ ಮೊಮ್ಮಗ.

ಪೋಸ್ಟ್ 6

ನಮ್ಮ ಕಡೆ ಲಾರಿಗಿಂತ ಮೊದಲು ಸಾಮಾನು ಹೊತ್ತಿದ್ದು ಸಣ್ಣ ರೈಲು. ಎರಡೂವರೆ ಅಡಿ ಅಗಲದ ಹಳಿ, 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ, ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಕೋಲಾರದ ಕಡೆಗೆ. ಚಿಕ್ಕಬಳ್ಳಾಪುರ-ಕೋಲಾರ ಹಳಿ ಬ್ರಾಡ್‌ಗೇಜ್ ಆಗಿ ಮತ್ತೆ ತೆರೆದಿದ್ದು 2013ರಲ್ಲಿ. ನಡುವೆ ರಸ್ತೆ ಗೆದ್ದಾಗಿತ್ತು.

ರಸ್ತೆ ಗೆದ್ದಿದ್ದು ಯಾವ ಗಾಡಿಯಿಂದ? 1947ರಿಂದ ಮಹೀಂದ್ರದೋರು ವಿಲ್ಲಿಸ್ ಜೀಪ್ ಜೋಡಿಸಿದ್ರು, ಆ ಜೀಪಿನ ಬೆನ್ನಿಗೆ ಡಬ್ಬ ಕಟ್ಟಿದ್ದೇ ನಮ್ಮ ಪಿಕಪ್ಪಿನ ಮುತ್ತಜ್ಜ. 1954ರಲ್ಲಿ ಟಾಟಾ ಮತ್ತು ಜರ್ಮನಿಯ ಡೈಮ್ಲರ್-ಬೆಂಜ್ ಸೇರಿ ಲಾರಿ ಶುರು ಮಾಡಿದ್ರು. ಆಮೇಲೆ ಮೆಟಡೋರ್. 1980ರ ದಶಕದಲ್ಲಿ ನಾಲ್ಕು ಜಪಾನಿ ಜೋಡಿಗಳು ಒಟ್ಟಿಗೆ ಬಂದವು: ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಾಜ್ದಾ, ಐಷರ್ ಮಿತ್ಸುಬಿಷಿ. ಐಷರ್ ಮಾಡ್ತಿದ್ದ ಮಿತ್ಸುಬಿಷಿ ಗಾಡಿಯ ಹೆಸರು ಕ್ಯಾಂಟರ್. ನಮ್ಮೂರಲ್ಲಿ ಇವತ್ತಿಗೂ ಆ ಸೈಜಿನ ಯಾವ ಲಾರಿ ಬಂದ್ರೂ "ಕ್ಯಾಂಟರ್" ಅಂತಾನೇ ಕರೆಯೋದು. ಅವರಿಗೆಲ್ಲ ಉತ್ತರವಾಗಿ ಟಾಟಾ 1986ರಲ್ಲಿ 407 ಬಿಟ್ತು.

ಇವುಗಳಲ್ಲಿ ಒಂದಕ್ಕೂ ಡ್ರೈವರ್‌ಗೆ ತಂಪು ಕೊಡಬೇಕು ಅನ್ನೋ ಯೋಚನೆ ಇರಲಿಲ್ಲ. ದೊಡ್ಡ ಲಾರಿಗಳ ಕತೆ ಇನ್ನೂ ವಿಚಿತ್ರ. ಕಂಪನಿ ಕೊಡ್ತಿದ್ದದ್ದು ಬರೀ ಎಂಜಿನ್, ಚಾಸಿ, ಮೂತಿ. ಕ್ಯಾಬಿನ್ ಕಟ್ಟಿಸಿಕೊಳ್ಳೋದು ಮಾಲೀಕ, ಬಾಡಿ ಕಟ್ಟೋ ಶೆಡ್ಡಿನಲ್ಲಿ, ಮರ ಮತ್ತು ತಗಡಿನಲ್ಲಿ. ಕ್ಯಾಬಿನ್ನೇ ಇಲ್ಲದ ಗಾಡಿಗೆ ಕಂಪನಿ ಎಸಿ ಎಲ್ಲಿಂದ ಕೊಡುತ್ತೆ?

ಕಾರುಗಳಲ್ಲಿ ಅಷ್ಟರಲ್ಲಿ ಬದಲಾವಣೆ ಶುರುವಾಗಿತ್ತು. 1983ರ ಡಿಸೆಂಬರಲ್ಲಿ ಮಾರುತಿ 800 ಬಂತು, ಸ್ವಲ್ಪದರಲ್ಲೇ ಅದರ ಎಸಿ ಮಾಡೆಲ್ಲೂ ಬಂತು. ಅಂಬಾಸಿಡರ್ ಇದ್ದೋರು ಹೊರಗೆ ಹಾಕಿಸಿಕೊಂಡ್ರು. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಮುತ್ತ ಸ್ಪೇರ್ ಪಾರ್ಟ್ಸ್ ಅಂಗಡಿ ಇರೋ ಹುಡುಗರಿಗೆ ಈ ಕೆಲಸ ಕೈಗೆ ಹತ್ತಿದ್ದು ಅಂಥ ಕಾರುಗಳಿಂದಲೇ.

ಇನ್ನೊಂದು ಕಾರಣವನ್ನ ಮರೀಬಾರದು: ಶಕ್ತಿ. 2005ರಲ್ಲಿ ಬಂದ ಟಾಟಾ ಏಸ್, ಅದೇ ನಮ್ಮ ಚೋಟಾ ಹಾತಿ. ಅದಕ್ಕೆ ಎರಡು ಸಿಲಿಂಡರ್, 702 ಸಿಸಿ, 16 ಕುದುರೆ ಶಕ್ತಿ. ಎಸಿ ಕಂಪ್ರೆಸರ್ ಒಂದೇ ಮೂರ್ನಾಲ್ಕು ಕುದುರೆ ತಿನ್ನುತ್ತೆ. ಟೊಮೆಟೊ ಕ್ರೇಟ್ ತುಂಬಿಕೊಂಡು ಏರು ಹತ್ತೋವಾಗ ನಾಲ್ಕರಲ್ಲೊಂದು ಪಾಲು ಎಸಿಗೆ ಕೊಟ್ರೆ ಗಾಡಿ ಹತ್ತಲ್ಲ ಕಣ್ರೀ, ಜಾರುತ್ತೆ. ಬೊಲೆರೊ ಪಿಕಪ್ಪಿನ ಎಂಜಿನ್ ಅದರ ಎಷ್ಟೋ ಪಟ್ಟು ದೊಡ್ಡದು. ಆ ನೆಪ ಅದಕ್ಕೆ ಹೊಂದಲ್ಲ. 2000ದಲ್ಲಿ ಬಂದ ಬೊಲೆರೊ ಜೀಪಿನಲ್ಲಿ ಎಸಿ ಇತ್ತು. ಅದೇ ಮೂತಿ ಇರೋ ನಮ್ಮೂರ ಪಿಕಪ್‌ಗಳಲ್ಲಿ ವರ್ಷಗಟ್ಟಲೆ ಇರಲಿಲ್ಲ. ಒಂದರಲ್ಲಿ ಕೂರೋನು ಗಿರಾಕಿ, ಇನ್ನೊಂದರಲ್ಲಿ ಕೂರೋನು ಕೂಲಿ. ನನಗೆ ಕಾಣೋ ಕಾರಣ ಇಷ್ಟೇ.

ಪೋಸ್ಟ್ 7

ಇದು ಉದ್ದದ ಪೋಸ್ಟ್. ಆಟೋಮೊಬೈಲ್ ಓದ್ತಿರೋರು ಸೇವ್ ಮಾಡಿಕೊಳ್ಳಿ.

ಹಳೇ ಪಿಕಪ್ಪಿಗೆ ಎಸಿ ಕೂರಿಸೋದು ಅಂದ್ರೆ ಏನೇನು? ಎಂಜಿನ್ ಪಕ್ಕ ಕಂಪ್ರೆಸರ್, ಅದನ್ನ ಹಿಡಿಯೋ ಬ್ರಾಕೆಟ್, ತಿರುಗಿಸೋ ಬೆಲ್ಟ್. ರೇಡಿಯೇಟರ್ ಮುಂದೆ ಕಂಡೆನ್ಸರ್. ನೀರಿನ ಅಂಶ ಹೀರೋ ಡ್ರೈಯರ್ ಡಬ್ಬಿ. ಕ್ಯಾಬಿನ್ನಿನ ಪೆಟ್ಟಿಗೆಯೊಳಗೆ ಎಕ್ಸ್‌ಪ್ಯಾನ್ಷನ್ ವಾಲ್ವ್, ತಂಪು ಕಾಯಿಲ್, ಬ್ಲೋವರ್. ಕಂಪ್ರೆಸರ್ ಅನಿಲವನ್ನ ಒತ್ತಿ ಬಿಸಿ ಮಾಡುತ್ತೆ, ಕಂಡೆನ್ಸರಿನಲ್ಲಿ ಅದು ಹೊರಗಿನ ಗಾಳಿಗೆ ಶಾಖ ಬಿಟ್ಟು ದ್ರವ ಆಗುತ್ತೆ, ವಾಲ್ವಿನ ಸಣ್ಣ ತೂತಿನಿಂದ ನುಗ್ಗಿ ಒತ್ತಡ ಇಳಿದಾಗ ಕಾಯಿಲಿನಲ್ಲಿ ಕುದಿಯುತ್ತೆ. ಹೌದು, ಕುದಿಯುತ್ತೆ. ಈಗಿನ 134ಎ ಅನಿಲ ಬಯಲ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯೋ ವಸ್ತು. ಕುದಿಯೋಕೆ ಬೇಕಾದ ಶಾಖವನ್ನ ಕ್ಯಾಬಿನ್ ಗಾಳಿಯಿಂದ ಕಿತ್ತುಕೊಳ್ಳುತ್ತೆ. ಹುಳದ ಮನೆ ಗೋಣಿಚೀಲದ ತತ್ವವೇ ಇದು. ಇಲ್ಲಿ ಆವಿಯಾಗೋ ವಸ್ತುವನ್ನ ಹೊರಗೆ ಬಿಡದೆ ಹಿಡಿದು ಮತ್ತೆ ಮತ್ತೆ ಬಳಸ್ತೀವಿ, ಅಷ್ಟೇ ವ್ಯತ್ಯಾಸ.

ನಮ್ಮ ಮಾವ ಚಿಂತಾಮಣಿ ಮಾರ್ಕೆಟ್ಟಿಗೆ ಟೊಮೆಟೊ ಹೊಡೆಯೋ ಪಿಕಪ್ಪಿಗೆ ಎಸಿ ಹಾಕಿಸುವಾಗ ನಾನು ಎರಡು ದಿನ ಗ್ಯಾರೇಜಲ್ಲೇ ಕೂತಿದ್ದೆ. ಮೆಕ್ಯಾನಿಕ್ ಅಣ್ಣ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳಿಕೊಡ್ತಿದ್ರು. (ನಮ್ಮ ಜಿಲ್ಲೆಯಲ್ಲಿ ಎಂಜಿನ್ ತೆಲುಗಲ್ಲಿ ಬೈದ್ರೇನೇ ಸ್ಟಾರ್ಟ್ ಆಗೋದು ಅಂತ ನಮ್ಮ ಮಾವನ ನಂಬಿಕೆ.) ಅವರು ಮೊದಲ ದಿನ ಎಸಿ ಮುಟ್ಟಲೇ ಇಲ್ಲ. ಬಾಗಿಲಿನ ಬೀಡಿಂಗ್ ರಬ್ಬರ್ ಬದಲಾಯಿಸಿದ್ರು, ಗೇರ್ ರಾಡ್ ಸುತ್ತ ಹರಿದಿದ್ದ ಬೂಟ್ ಹೊಸದು ಹಾಕಿದ್ರು, ಪೆಡಲ್ ಹಿಂದಿನ ತೂತುಗಳನ್ನ ಮುಚ್ಚಿದ್ರು, ಕಾಲ ಹತ್ತಿರದ ತಗಡಿಗೂ ಚಾವಣಿಗೂ ಹೀಟ್ ಶೀಟ್ ಅಂಟಿಸಿದ್ರು. "ತೂತು ಮಡಕೆಗೆ ನೀರು ಹೊಯ್ದ ಹಾಗೆ ಆಗುತ್ತೆ ಇದು ಮಾಡದೆ ಹೋದ್ರೆ" ಅಂದ್ರು. ಹಳೇ ಪಿಕಪ್ಪಲ್ಲಿ ಸೆಕೆ ಬರೋದು ಬರೀ ಸೂರ್ಯನಿಂದ ಅಲ್ಲ, ಅರ್ಧ ಎಂಜಿನ್ನಿಂದ. ಗಾಜಿಗೆ ಕಪ್ಪು ಫಿಲ್ಮ್ ಹಾಕಿಸೋಣ ಅಂತ ಮಾವ ಅಂದಿದ್ದಕ್ಕೆ ಅವರು ಕೈಮುಗಿದ್ರು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ನಿಲ್ಲಿಸಿದ್ದು, ಪೊಲೀಸರು ಹಿಡಿಯೋದು ಎಲ್ಲ ಅವರಿಗೆ ಬಾಯಿಪಾಠ.

ಎರಡನೇ ದಿನ ಬ್ರಾಕೆಟ್. ಈ ಕೆಲಸದಲ್ಲಿ ಜೀವ ಇರೋದೇ ಬ್ರಾಕೆಟ್ಟಿನಲ್ಲಿ. ಅದೇ ಎಂಜಿನ್ ಇರೋ ಜೀಪಿಗೆ ಕಂಪನಿಯೇ ಎಸಿ ಕೊಟ್ಟಿದ್ರೆ ಅದರ ಬ್ರಾಕೆಟ್, ಪುಲ್ಲಿ ತಂದು ಬೋಲ್ಟ್ ಹಾಕಬಹುದು. ಇಲ್ಲಾಂದ್ರೆ ಲೇತ್ ಅಂಗಡಿಯಲ್ಲಿ ಮಾಡಿಸಬೇಕು. ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ರೆ ಬೆಲ್ಟ್ ಚೀರುತ್ತೆ, ಸವೆಯುತ್ತೆ, ಒಂದು ದಿನ ಹರಿಯುತ್ತೆ. ವೆಲ್ಡಿಂಗ್ ಮಾಡಿದ ತೆಳು ಪಟ್ಟಿ ಡೀಸೆಲ್ ಎಂಜಿನ್ನಿನ ನಡುಕಕ್ಕೆ ಬಿರುಕು ಬಿಡುತ್ತೆ.

ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂರೋದ್ರಿಂದ ರೇಡಿಯೇಟರಿಗೆ ಈಗ ಬಿಸಿ ಗಾಳಿ ಸಿಗುತ್ತೆ. ತುಂಬಿದ ಗಾಡಿ, ನಿಧಾನದ ಏರು, ಮಧ್ಯಾಹ್ನ, ಈ ಮೂರೂ ಸೇರಿದ್ರೆ ಎಂಜಿನ್ ಕಾಯುತ್ತೆ. ಅದಕ್ಕೆ ಬೇರೆ ಎಲೆಕ್ಟ್ರಿಕ್ ಫ್ಯಾನ್ ಬೇಕು, ಹಳೇ ರೇಡಿಯೇಟರ್ ತೊಳೆಸಿರಬೇಕು. ಫ್ಯಾನ್, ಬ್ಲೋವರ್, ಕ್ಲಚ್ ಮೂರಕ್ಕೂ ಕರೆಂಟ್ ಬೇಕು, ಆಲ್ಟರ್ನೇಟರ್ ತಡೆಯುತ್ತಾ ನೋಡಬೇಕು. ರಿಲೇ, ಫ್ಯೂಸ್ ಇಲ್ಲದೆ ಹೆಡ್‌ಲೈಟ್ ವೈರಿನಿಂದ ಕರೆಂಟ್ ಎಳೆದುಕೊಡೋ ಗ್ಯಾರೇಜ್ ಕಂಡ್ರೆ ಅಲ್ಲಿಂದ ಎದ್ದು ಬನ್ನಿ. ಗಾಡಿಗೆ ಬೆಂಕಿ ಬೀಳೋದು ಹಾಗೇ.

ಕೊನೆಗೆ ವ್ಯಾಕ್ಯೂಮ್. ಪೈಪೊಳಗಿನ ಗಾಳಿಯನ್ನ ಪಂಪಿನಿಂದ ಪೂರ್ತಿ ಎಳೀಬೇಕು. ಒತ್ತಡ ಇಲ್ಲದ ಕಡೆ ನೀರು ಸಾಮಾನ್ಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಗೆ ಬರುತ್ತೆ. ಒಳಗೆ ತೇವ ಉಳಿದ್ರೆ ವಾಲ್ವಿನ ತೂತಿನಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತೆ, ಅನಿಲ ಮತ್ತು ಎಣ್ಣೆ ಜೊತೆ ಸೇರಿ ಆಮ್ಲವಾಗಿ ಒಳಗಿಂದ ತಿನ್ನುತ್ತೆ. "ಟೈಮಿಲ್ಲ ಅಣ್ಣ, ಸುಮ್ನೆ ಗ್ಯಾಸ್ ತುಂಬಿಬಿಡಿ" ಅಂತ ಅವಸರ ಮಾಡೋ ಮಾಲೀಕರೇ ಮುಂದಿನ ಬೇಸಿಗೆಗೆ ಕಂಪ್ರೆಸರ್ ಹೋಯ್ತು ಅಂತ ಬರೋದು.

ಪೋಸ್ಟ್ 8

ಫ್ರಿಯಾನ್ ಕತೆ ಬಾಕಿ ಇತ್ತು.

1974ರಲ್ಲಿ ಮೊಲೀನಾ ಮತ್ತು ರೋಲಂಡ್ ಅನ್ನೋ ಇಬ್ಬರು ಈ ಅನಿಲಗಳು ಮೇಲೆ ಹೋಗಿ ಓಜೋನ್ ಪದರ ಕೊರೆಯುತ್ತವೆ ಅಂತ ತೋರಿಸಿದ್ರು. 1985ರಲ್ಲಿ ಅಂಟಾರ್ಕ್ಟಿಕಾ ಮೇಲೆ ಓಜೋನ್ ತೂತು ಇರೋ ಸುದ್ದಿ ಪ್ರಕಟ ಆಯ್ತು. 1987ರ ಸೆಪ್ಟೆಂಬರ್ 16ಕ್ಕೆ ಮಾಂಟ್ರಿಯಲ್ ಒಪ್ಪಂದ. ಭಾರತ ಸೇರಿದ್ದು 1992ರಲ್ಲಿ, 2010ರ ಹೊತ್ತಿಗೆ ಆ ಅನಿಲಗಳನ್ನ ನಿಲ್ಲಿಸಿದ್ವಿ. ಕಾರುಗಳಿಗೆ 134ಎ ಬಂತು. ಅದು ಓಜೋನ್ ಮುಟ್ಟಲ್ಲ. ಭೂಮಿ ಬಿಸಿ ಮಾಡೋದರಲ್ಲಿ ಮಾತ್ರ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಅದನ್ನೂ ಇಳಿಸೋಕೆ 2016ರಲ್ಲಿ ಕಿಗಾಲಿಯಲ್ಲಿ ತಿದ್ದುಪಡಿ ಆಯ್ತು. ಭಾರತ 2021ರಲ್ಲಿ ಒಪ್ಪಿದೆ, ನಮ್ಮ ಇಳಿಕೆ ಶುರುವಾಗೋದು 2032ರಿಂದ.

ನಿಮಗೆ ಬೇಕಾದ್ದು ಇಷ್ಟು: ತುಂಬಾ ಹಳೇ ಕಾರಿಂದ ಬಿಚ್ಚಿದ ಎಸಿ ಸಾಮಾನು ಅಗ್ಗಕ್ಕೆ ಸಿಗುತ್ತೆ ಅಂತ ಹಾಕಿಸಬೇಡಿ. ಟ್ವೆಲ್ವ್ ಗ್ಯಾಸಿನ ಕಾಲದ ಎಣ್ಣೆ ಬೇರೆ, 134ಎಗೆ ಬೇಕಾದ ಎಣ್ಣೆ ಬೇರೆ. ರಬ್ಬರ್ ಪೈಪೂ ಬೇರೆ, ಹಳೇ ಪೈಪಿನಿಂದ ಹೊಸ ಅನಿಲ ಸೋರುತ್ತೆ. ಪ್ರತಿ ಬೇಸಿಗೆ "ಗ್ಯಾಸ್ ಹಾಕಿಸ್ಬೇಕು" ಅಂತ ಆಗ್ತಿದ್ರೆ ಅದು ಎಸಿಯ ಗುಣ ಅಲ್ಲ, ಎಲ್ಲೋ ಸೋರ್ತಿದೆ. ತೂತು ಹುಡುಕಿಸಿ. ಹೋಗಿದ್ದು ನಿಮ್ಮ ದುಡ್ಡೂ ಹೌದು, ನಮ್ಮೆಲ್ಲರ ಗಾಳಿಯೂ ಹೌದು.

ಪೋಸ್ಟ್ 9

ಈಗ ಕಾನೂನು. ಎಲ್ಲರಿಗೂ ಟ್ಯಾಗ್ ಮಾಡಬೇಕಾದ ಪೋಸ್ಟ್ ಇದೇ.

2023ರ ಡಿಸೆಂಬರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸ್ತು. 2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಪೇಪರಲ್ಲಿ "ಲಾರಿ ಡ್ರೈವರ್‌ಗಳಿಗೆ ಸಿಹಿ ಸುದ್ದಿ" ಅಂತ ಓದಿ ಖುಷಿ ಪಟ್ಟಿದ್ವಿ. ಒಳ್ಳೇ ಕೆಲಸವೇ. ಸೆಕೆಯಲ್ಲಿ ಬೆವರಿ ನೀರಿನ ಅಂಶ ಇಳಿದ ಡ್ರೈವರ್‌ಗೆ ಮಂಪರು ಬರುತ್ತೆ, ಬ್ರೇಕ್ ಒತ್ತೋದು ತಡ ಆಗುತ್ತೆ. ಎದುರು ಬರೋ ಬೈಕಲ್ಲಿ ಇರೋರು ನೀವೂ ಆಗಿರಬಹುದು.

ಆದರೆ ಅಧಿಸೂಚನೆಯ ಸಣ್ಣಕ್ಷರ ಓದಿ. ಅದು ಹೇಳೋದು ಎನ್2 ಮತ್ತು ಎನ್3 ವರ್ಗದ ಗಾಡಿಗಳಿಗೆ. ಲೋಡ್ ಸೇರಿ ಒಟ್ಟು ತೂಕ ಮೂರೂವರೆ ಟನ್ ದಾಟಿದ್ರೆ ಎನ್2, 12 ಟನ್ ದಾಟಿದ್ರೆ ಎನ್3. ಮೂರೂವರೆ ಟನ್ನಿನೊಳಗಿನದು ಎನ್1. ನಮ್ಮ ಬೊಲೆರೊ ಪಿಕಪ್, ಏಸ್ ಎಲ್ಲಾ ಎನ್1. ಅವಕ್ಕೆ ಈ ನಿಯಮ ಇಲ್ಲ. ಕಂಪನಿಗಳು ಈಚೆಗೆ ತಾವಾಗೇ ಕೆಲವು ಮಾಡೆಲ್‌ಗಳಿಗೆ ಎಸಿ ಕೊಡೋಕೆ ಶುರು ಮಾಡಿವೆ, ಕೊಡಲೇಬೇಕು ಅಂತ ಇಲ್ಲ. ಇನ್ನು ಈಗಾಗಲೇ ರಸ್ತೆಯಲ್ಲಿರೋ ಹಳೇ ಗಾಡಿಗಳಿಗೆ, ಅವು ಎಷ್ಟೇ ದೊಡ್ಡವಿರಲಿ, ಏನೂ ಇಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಹಳೇ ಕಾನೂನು ಇಟ್ಟು ನೋಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಮಿತಿ ಹಾಕಿದ್ದು ಅದು. ಅದು ಅನ್ವಯ ಆಗ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿರೋ ಸಂಸ್ಥೆಗೆ. ಸಾಲ ಮಾಡಿ ಒಂದೇ ಪಿಕಪ್ ಇಟ್ಟುಕೊಂಡು ತಾನೇ ಓಡಿಸೋನು ಅಲ್ಲೂ ಬಾಗಿಲ ಹೊರಗೆ, ಇಲ್ಲೂ ಬಾಗಿಲ ಹೊರಗೆ. ಅವನ ಗಾಡಿ ಮೂರೂವರೆ ಟನ್ನಿಗೆ ಸ್ವಲ್ಪ ಕಡಿಮೆ, ಅವನ ಕಂಪನಿಯಲ್ಲಿ ಐದು ಜನಕ್ಕೆ ನಾಲ್ಕು ಜನ ಕಡಿಮೆ.

ಗೂಡು ಮಾತ್ರ ಇವನಿಗಿಂತ ಅದೃಷ್ಟವಂತ. ಗೂಡಿನೊಳಗೆ ಜೀವ ಇರೋ ಹುಳ ಉಸಿರಾಡುತ್ತೆ, ತೇವ ಬಿಡುತ್ತೆ, ಒತ್ತಾಗಿ ತುಂಬಿ ಬಿಸಿಲಲ್ಲಿ ಒಯ್ದರೆ ಬೆವೆತು ನೂಲು ಸರಿಯಾಗಿ ಬಿಚ್ಚಲ್ಲ, ರೀಲರ್ ರೇಟ್ ಇಳಿಸ್ತಾನೆ. ಅದಕ್ಕೇ ಚೀಲ ಸಡಿಲವಾಗಿ ತುಂಬಿ, ರಾತ್ರಿಯೋ ಬೆಳಗಿನ ಜಾವವೋ ಹೊರಡ್ತಾರೆ. ಎತ್ತಿನ ಗಾಡಿಯೋನ ಉಪಾಯ. ಮಾರ್ಕೆಟ್ಟಲ್ಲಿ ಲಾಟ್ ಇಳಿಸಿ ದುಡ್ಡು ಕೈಗೆ ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ. ಲೋಡ್ ಇಳಿದಾಗಿದೆ, ವಾಪಸ್ ಹೋಗೋ ದಾರಿಯ ಸೆಕೆ ಪೂರ್ತಿ ಡ್ರೈವರ್ ಒಬ್ಬನ ಪಾಲು.

ಪೋಸ್ಟ್ 10

"ಹಾಗಾದ್ರೆ ಹಾಕಿಸೋದಾ ಬೇಡ್ವಾ?" ಅಂತ ಡಿಎಂನಲ್ಲಿ ಕೇಳಿದೋರಿಗೆ ಇಲ್ಲೇ ಹೇಳ್ತೀನಿ.

ಎಂಜಿನ್ ಈಗಲೇ ಕಾಯ್ತಿದ್ರೆ ಬೇಡ, ಮೊದಲು ಅದನ್ನ ರಿಪೇರಿ ಮಾಡಿಸಿ. ಹಳೇ ಏಸ್‌ಗೆ ಬೇಡ. ಗಾಡಿಯನ್ನ ಒಂದೆರಡು ವರ್ಷದಲ್ಲಿ ಮಾರೋ ಯೋಚನೆ ಇದ್ರೆ ಲೆಕ್ಕ ಹಾಕಿ, ಹಾಕಿಸಿದ ದುಡ್ಡು ಮಾರುವಾಗ ವಾಪಸ್ ಬರಲ್ಲ. ಎಂಜಿನ್ ಗಟ್ಟಿ ಇದ್ದು, ದಿನಾ ಹಗಲು ಹೊತ್ತು ಓಡಿಸೋ ಗಾಡಿ ಆದ್ರೆ ಹಾಕಿಸಿ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಏರಿನಲ್ಲಿ ಆಫ್ ಮಾಡಬೇಕಾಗುತ್ತೆ. ದುಡ್ಡು ಈಗ ಇಲ್ಲ ಅಂದ್ರೆ ಬೀಡಿಂಗ್, ಗೇರ್ ಬೂಟ್, ಹೀಟ್ ಶೀಟ್ ಮೂರನ್ನಾದ್ರೂ ಮಾಡಿಸಿ, ಎಂಜಿನ್ನಿನ ಕಾವು ಒಳಗೆ ಬರೋದು ತಗ್ಗುತ್ತೆ. ಗ್ಯಾರೇಜಲ್ಲಿ ಎರಡು ಪ್ರಶ್ನೆ ಕೇಳಿ: ವ್ಯಾಕ್ಯೂಮ್ ಎಷ್ಟು ಹೊತ್ತು ಇಡ್ತೀರಾ? ಗ್ಯಾಸ್ ತೂಕ ಮಾಡಿ ಹಾಕ್ತೀರಾ, ಅಂದಾಜಿಗೆ ಹಾಕ್ತೀರಾ?

ಮಾವನ ಗಾಡಿಗೆ ಈಗ ಎಸಿ ಇದೆ. ಅತ್ತೆ ದೂರು ಏನಂದ್ರೆ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ್ರೂ ತಟ್ಟೆ ತಗೊಂಡು ಹೋಗಿ ಗಾಡಿಯಲ್ಲೇ ಕೂತ್ಕೋತಾರೆ ಅಂತ.

ನಿಮ್ಮ ಮನೇಲಿ, ನಿಮ್ಮ ಬೀದೀಲಿ ಇಂಥ ಗಾಡಿ ಇದ್ರೆ ಡ್ಯಾಶ್ ಕೆಳಗಿನ ಪೆಟ್ಟಿಗೆ ಫೋಟೋ ಕಳಿಸಿ. ಗಾಡಿಯ ಮಾಡೆಲ್ ವರ್ಷ, ಎಸಿ ಹಾಕಿಸಿದ ವರ್ಷ, ಏನು ಲೋಡ್ ಹೊಡೀತಾರೆ, ಮೂರನ್ನೂ ಬರೀರಿ. ನಂಬರ್ ಪ್ಲೇಟ್ ಮುಚ್ಚಿ. ಗೌರಿಬಿದನೂರು ಕಡೆಯಿಂದ ಇನ್ನೂ ಒಂದೂ ಬಂದಿಲ್ಲ, ಮೆಕ್ಕೆಜೋಳದವರು ಎಲ್ಲಿದ್ದೀರಾ?

#ನಮ್ಮರಸ್ತೆ69 #ಪಿಕಪ್ಇತಿಹಾಸ #ಶಿಡ್ಲಘಟ್ಟ #ಚಿಂತಾಮಣಿ #ಚಿಕ್ಕಬಳ್ಳಾಪುರ #ಗೌರಿಬಿದನೂರು